ಎಎಚ್‌ಐ 9 ಬಂದರೆ ಒತ್ತಡ ಏರಿಸಬೇಕಾ?

ಆಟೋ ಸಿಪ್ಯಾಪ್ (ನಿದ್ದೆಯಲ್ಲಿ ಉಸಿರು ನಿಲ್ಲುವವರಿಗೆ ಮಾಸ್ಕ್ ಮೂಲಕ ಗಾಳಿ ಕೊಡುವ, ಒತ್ತಡವನ್ನು ತಾನೇ ಏರಿಸಿ ಇಳಿಸುವ ಮೆಷಿನ್) ಒತ್ತಡ 4ರಿಂದ 20ಕ್ಕೆ ಇಟ್ಟಿದೆ, ಎಎಚ್‌ಐ (ಗಂಟೆಗೆ ಎಷ್ಟು ಸಲ ಉಸಿರು ನಿಲ್ಲುತ್ತೆ ಅಥವಾ ಕುಗ್ಗುತ್ತೆ ಅನ್ನೋ ಲೆಕ್ಕ) 9 ಬರುತ್ತಿದೆ, ಬೆಳಿಗ್ಗೆ ಬಾಯಿ ಒಣಗಿರುತ್ತದೆ, ಒತ್ತಡ ಏರಿಸಲಾ ಅಂತ ಕೇಳಿದ್ದೀರಿ. ಸ್ವಲ್ಪ ತಡೆಯಿರಿ. ಎಎಚ್‌ಐ 5ರೊಳಗೆ ಇರಬೇಕು ಅನ್ನೋದೇನೋ ನಿಜ, ಆದರೆ ಆ 9 ಎಲ್ಲಿಂದ ಬಂತು ಅಂತ ಮೊದಲು ನೋಡಬೇಕು.

ಮೆಷಿನ್‌ನ ಎಸ್‌ಡಿ ಕಾರ್ಡ್ ತೆಗೆದು ಕಂಪ್ಯೂಟರಿನಲ್ಲಿ ಸಿಪ್ಯಾಪ್ ದಾಖಲೆ ತೋರಿಸುವ ಆಸ್ಕರ್ ತಂತ್ರಾಂಶಕ್ಕೆ ಹಾಕಿ, ಅದು ಪುಕ್ಕಟೆ. ಮೊದಲು ಲೀಕ್ (ಗಾಳಿ ಸೋರಿಕೆ) ಗ್ರಾಫ್ ನೋಡಿ. ಬಾಯಿ ಒಣಗುತ್ತೆ ಅಂದರೆ ಗಾಳಿ ಬಾಯಿಂದ ಹೋಗುತ್ತಿರಬಹುದು ಅಂತ ನನ್ನ ಅನುಮಾನ. ರೆಸ್‌ಮೆಡ್ ಕಂಪನಿಯ ಮೆಷಿನ್ ಆದರೆ ಲೀಕ್ ನಿಮಿಷಕ್ಕೆ 24 ಲೀಟರ್ ದಾಟಬಾರದು. ದಾಟಿದರೆ ಉಳಿದ ಲೆಕ್ಕವನ್ನೂ ನಂಬೋ ಹಾಗಿಲ್ಲ. ಆಗ ಮಾಸ್ಕ್ ಸರಿಮಾಡಿ, ಒತ್ತಡ ಮುಟ್ಟಬೇಡಿ. (ಗಡ್ಡ ಇದ್ದರಂತೂ ಸೋರೋದು ಜಾಸ್ತಿ.)

ಲೀಕ್ ಸರಿಯಿದ್ದರೆ ಓಎ, ಸಿಎ ಎರಡನ್ನೂ ಬೇರೆ ಬೇರೆ ನೋಡಿ. ಓಎ ಅಂದರೆ ಗಂಟಲು ಮುಚ್ಚಿ ಉಸಿರು ನಿಂತದ್ದು. ಅದು ಹೆಚ್ಚಿದ್ದರೆ ಕನಿಷ್ಠ ಒತ್ತಡ 4 ಸಾಲದೇ ಇರಬಹುದು, ಮೆಷಿನ್ ಏರುವಷ್ಟರಲ್ಲಿ ಉಸಿರು ನಿಂತಿರುತ್ತದೆ. ವೈದ್ಯರನ್ನು ಕೇಳಿ ಕನಿಷ್ಠವನ್ನು ಒಂದೊಂದಾಗಿ ಏರಿಸಿ, ಪ್ರತಿ ಸಲವೂ ಕೆಲವು ರಾತ್ರಿ ಕಾದು ನೋಡಿ. ಸಿಎ ಅಂದರೆ ಗಂಟಲು ತೆರೆದಿದ್ದರೂ ಉಸಿರೆಳೆಯುವ ಪ್ರಯತ್ನವೇ ಆಗದಿದ್ದದ್ದು. ಅದು ಹೆಚ್ಚಿದ್ದರೆ ಸುಮ್ನೆ ಏರಿಸಬೇಡಿ, ಇನ್ನೂ ಹೆಚ್ಚಾಗಬಹುದು. ಚಾರ್ಟ್ ಹಿಡಿದುಕೊಂಡು ವೈದ್ಯರ ಹತ್ತಿರವೇ ಹೋಗಿ.