ತಲೆಯೊಳಗಿನ ಬಿಸಿ ಅಳೆಯೋದು ಹೇಗೆ?

ಪ್ರಶ್ನೆ: ಅಪ್ಪನಿಗೆ 71 ವರ್ಷ. ಅಡಿಕೆ ಸುಲಿಯಲು ಕೂತರೆ ಬಲಗೈ ನಡುಗುತ್ತದೆ, ಸಹಿ ಹಾಕಲೂ ಆಗುವುದಿಲ್ಲ. ಮಂಗಳೂರಿನ ಡಾಕ್ಟರು ಎಸೆನ್ಶಿಯಲ್ ಟ್ರೆಮರ್ ಅಂದಿದ್ದಾರೆ, ಮಾತ್ರೆ ಹಿಡಿಯಲಿಲ್ಲ. ತಲೆ ಕೊಯ್ಯದೆ ಅಲ್ಟ್ರಾಸೌಂಡಿನಿಂದ ಮಿದುಳಿನ ಒಂದು ಚುಕ್ಕಿಯನ್ನು ಸುಡುತ್ತಾರಂತೆ. ಒಳಗೆ ಥರ್ಮಾಮೀಟರ್ ಇಲ್ಲದೆ ಬಿಸಿ ಜಾಸ್ತಿಯಾದರೆ ಹೇಗೆ ಗೊತ್ತಾಗುತ್ತದೆ? ಅಮ್ಮನಿಗೆ ಅದೇ ಹೆದರಿಕೆ.
– ಓದುಗರು, ಬದಿಯಡ್ಕ

ಉತ್ತರ: ಅಮ್ಮ ಕೇಳಬೇಕಾದ್ದನ್ನೇ ಕೇಳಿದ್ದಾರೆ. ಈ ಚಿಕಿತ್ಸೆಯನ್ನು ಎಂಆರ್‌ಐ ಯಂತ್ರದೊಳಗೆ ಮಾಡುವುದೇ ಆ ಬಿಸಿಯನ್ನು ನೋಡುತ್ತಾ ಇರುವುದಕ್ಕೆ.

ನಮ್ಮ ಮೈಯ ನೀರಿನಲ್ಲಿರುವ ಹೈಡ್ರೋಜನ್ ಎಂಆರ್‌ಐಯಲ್ಲಿ ಒಂದು ಗೊತ್ತಾದ ಫ್ರೀಕ್ವೆನ್ಸಿಯಲ್ಲಿ ಸಿಗ್ನಲ್ ಕೊಡುತ್ತದೆ. ಬಿಸಿ ಒಂದು ಡಿಗ್ರಿ ಏರಿದರೆ ಆ ಫ್ರೀಕ್ವೆನ್ಸಿ ಹತ್ತು ಕೋಟಿಯಲ್ಲಿ ಒಂದು ಪಾಲಿನಷ್ಟು ಇಳಿಯುತ್ತದೆ. ಇಷ್ಟು ಸಣ್ಣ ವ್ಯತ್ಯಾಸವನ್ನೇ ಹಿಡಿದು ಕೆಲವು ಸೆಕೆಂಡಿಗೊಮ್ಮೆ ಬಿಸಿಯ ಹೊಸ ಚಿತ್ರ ಪರದೆಗೆ ಬರುತ್ತದೆ. ಆದರೆ ಸಿಗುವುದು ಎಷ್ಟು ಏರಿತು ಅನ್ನುವುದು ಮಾತ್ರ, ಅದನ್ನು ಮೈಯ 37 ಡಿಗ್ರಿಗೆ ಕೂಡಿಸಿಕೊಳ್ಳುತ್ತಾರೆ. ತಲೆ ಸ್ವಲ್ಪ ಅಲುಗಿದರೂ ಲೆಕ್ಕ ಕೆಡುತ್ತದೆ, ಅದಕ್ಕೇ ಚೌಕಟ್ಟು ಹಾಕಿ ಬಿಗಿಯುವುದು.

ಡಿಗ್ರಿಯಷ್ಟೇ ಹೊತ್ತೂ ಮುಖ್ಯ. 43 ಡಿಗ್ರಿಯಲ್ಲಿ ಜೀವಕೋಶ ಸಾಯಲು ಸುಮಾರು 240 ನಿಮಿಷ ಬೇಕು ಅಂತ ಲೆಕ್ಕ, ಅಲ್ಲಿಂದ ಒಂದೊಂದು ಡಿಗ್ರಿ ಏರಿದಂತೆ ಹೊತ್ತು ಅರ್ಧರ್ಧ ಆಗುತ್ತಾ ಹೋಗಿ 56ಕ್ಕೆ ಬಂದಾಗ ಎರಡು ಸೆಕೆಂಡೂ ಬೇಡ. ಹಾಗಾಗಿ ಯಾರೂ ಒಮ್ಮೆಲೇ ಅಲ್ಲಿಗೆ ಹೋಗುವುದಿಲ್ಲ. ಮೊದಲು 40–45 ಡಿಗ್ರಿ ಮಾತ್ರ, ಬಿಸಿ ಸರಿಯಾದ ಜಾಗದಲ್ಲೇ ಬಿತ್ತಾ ಅಂತ ನೋಡಲು. ಆಮೇಲೆ 50ರ ಹತ್ತಿರ. ಆಗ ನಡುಕ ಸ್ವಲ್ಪ ಹೊತ್ತು ತಗ್ಗುತ್ತದೆ, ಸಾಮಾನ್ಯವಾಗಿ ಶಾಶ್ವತ ಗಾಯ ಆಗುವುದಿಲ್ಲ. ಅಪ್ಪ ಎಚ್ಚರವಾಗಿಯೇ ಇರುತ್ತಾರೆ. ಸುರುಳಿ ಗೆರೆ ಎಳೆಸುತ್ತಾರೆ, ಮಾತಾಡಿಸುತ್ತಾರೆ, ತುಟಿ ಬೆರಳು ಜೋಮು ಹಿಡಿಯಿತಾ ಅಂತ ಕೇಳುತ್ತಾರೆ. ಎಲ್ಲ ಸರಿ ಅನ್ನಿಸಿದ ಮೇಲೆಯೇ 55–60. ನನ್ನ ಮಟ್ಟಿಗೆ ಅಪ್ಪ ಹೇಳುವ ಆ ಉತ್ತರಗಳು ಪರದೆಯ ಚಿತ್ರದಷ್ಟೇ ಬೆಲೆಯವು, ಸಂಕೋಚಪಟ್ಟುಕೊಂಡು ಸುಮ್ನೆ ಇರಬಾರದು ಅಂತ ಈಗಲೇ ಹೇಳಿಡಿ. ನಿಲ್ಲಿಸುವ ಗುಂಡಿಯೂ ಅವರ ಕೈಯಲ್ಲೇ ಇರುತ್ತದೆ.

ಒಂದು ಮಿತಿ ಇದೆ. ಬುರುಡೆಯ ಮೂಳೆ ಅಲ್ಟ್ರಾಸೌಂಡನ್ನು ಹೀರಿಕೊಂಡು ತಾನೇ ಬಿಸಿಯಾಗುತ್ತದೆ, ಆದರೆ ಮೂಳೆಯ ಬಿಸಿ ಈ ಚಿತ್ರದಲ್ಲಿ ಸಿಗುವುದಿಲ್ಲ. ಅದಕ್ಕೆ ತಲೆ ಬೋಳಿಸಿ ಸುತ್ತ ತಣ್ಣೀರು ಹರಿಸುತ್ತಾರೆ, ಪ್ರತಿ ಸಲ ಬಿಸಿ ಕೊಟ್ಟ ಮೇಲೆ ಆರಲು ಬಿಡುತ್ತಾರೆ. ಕೆಲವರ ಬುರುಡೆ ಈ ಚಿಕಿತ್ಸೆಗೆ ಹೊಂದುವುದೇ ಇಲ್ಲ, ಅದು ಮೊದಲೇ ಮಾಡುವ ಸಿಟಿ ಸ್ಕ್ಯಾನಿನಲ್ಲಿ ತಿಳಿಯುತ್ತದೆ.

ಅಮೆರಿಕದಲ್ಲಿ ಔಷಧ, ವೈದ್ಯಕೀಯ ಯಂತ್ರಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ, ಈ ನಡುಕಕ್ಕೆ ಈ ಚಿಕಿತ್ಸೆ ಮಾಡಲು 2016ರಲ್ಲೇ ಒಪ್ಪಿಗೆ ಕೊಟ್ಟಿದೆ. ನೀವು ಡಾಕ್ಟರ ಹತ್ತಿರ ಹೋದಾಗ ಅಪ್ಪನ ಬುರುಡೆ ಹೊಂದುತ್ತದಾ, ಆಮೇಲೆ ನಡಿಗೆಯಲ್ಲಿ ವಾಲುವುದು, ಜೋಮು ಬರುವುದು ಎಷ್ಟರ ಮಟ್ಟಿಗೆ ಉಳಿಯಬಹುದು ಅಂತ ಕೇಳಿ. ಪೇಸ್‌ಮೇಕರ್ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನು ಮೊದಲೇ ತಿಳಿಸಿ.