ಮನೆಮಂದಿಯ ತಟ್ಟೆಗೂ ಬೇಳೆ ಬೀಳಬೇಕು

(ಗದಗ ಜಿಲ್ಲೆಯ ಶಿಕ್ಷಕಿಯೊಬ್ಬರು ಬರೆದಿದ್ದಾರೆ: "ಅಕ್ಕನ ಗಂಡನಿಗೆ ಟಿಬಿ. ಮೂರು ತಿಂಗಳಿಂದ ಮಾತ್ರೆ ನಡೆದಿದೆ. ಖಾತೆಗೆ ಬಂದ ಸರಕಾರದ ಹಣದಲ್ಲಿ ಪ್ರೋಟೀನ್ ಪುಡಿಯ ಡಬ್ಬಿ ತಂದಿದ್ದಾರೆ. ಟಿಬಿಗೆ ಊಟವೂ ಔಷಧ ಎಂದು ಕಳೆದ ಸಂಚಿಕೆಯಲ್ಲಿ ಬರೆದಿರಿ. ಹಸಿದವರಿಗೆ ಅನ್ನ ಹಾಕುವುದು ಪುಣ್ಯದ ಕೆಲಸ, ಒಪ್ಪುತ್ತೇನೆ. ಅದನ್ನು ವೈದ್ಯಕೀಯ ಸಂಶೋಧನೆ ಎನ್ನುವುದು ಹೇಗೆ? ಆ ದುಡ್ಡನ್ನು ಹೊಸ ಮಾತ್ರೆಗೆ, ಲಸಿಕೆಗೆ ಹಾಕಬಾರದೇ?")

ಮೇಡಂ,

ನೀವು ಕೇಳಿದ್ದನ್ನೇ ನಾನೂ ವೈದ್ಯಕೀಯ ಓದುವಾಗ ನಂಬಿದ್ದೆ. ಟಿಬಿ ವಾಸಿ ಮಾಡುವುದು ಮಾತ್ರೆ, ಊಟ ಆಮೇಲಿನ ಮಾತು ಎಂದೇ ನಮಗೆ ಪಾಠವಾಗಿತ್ತು. ಆ ಪಾಠದ ಬೇರು 1956ರಲ್ಲಿ ಮದರಾಸಿನಲ್ಲಿ ಶುರುವಾದ ಒಂದು ಅಧ್ಯಯನದಲ್ಲಿದೆ. ಕೆಲವು ರೋಗಿಗಳನ್ನು ಸ್ಯಾನಿಟೋರಿಯಂ ಎಂಬ ಕ್ಷಯದ ಆಸ್ಪತ್ರೆಯಲ್ಲಿಟ್ಟು ಒಳ್ಳೆಯ ಊಟ, ವಿಶ್ರಾಂತಿ ಕೊಟ್ಟರು. ಉಳಿದವರು ಅದೇ ಮಾತ್ರೆ ನುಂಗುತ್ತಾ ತಮ್ಮ ಇಕ್ಕಟ್ಟಿನ ಬಡ ಮನೆಗಳಲ್ಲೇ ಇದ್ದರು. ವರ್ಷದ ಕೊನೆಗೆ ನೋಡಿದರೆ ಎರಡೂ ಕಡೆ ಗುಣವಾದವರ ಪ್ರಮಾಣ ಹೆಚ್ಚುಕಡಿಮೆ ಒಂದೇ. ಸ್ಯಾನಿಟೋರಿಯಂ ಹಾಸಿಗೆಗಾಗಿ ಕಾಯುತ್ತಾ ಸಾಯುತ್ತಿದ್ದ ಬಡವರಿಗೆ ಇದು ದೊಡ್ಡ ವರವಾಯಿತು. ಜಗತ್ತೇ ಮನೆಯಲ್ಲಿನ ಚಿಕಿತ್ಸೆಗೆ ಹೊರಳಿತು. ಆದರೆ ಆ ಭರದಲ್ಲಿ ಊಟ ನಮ್ಮ ಚೀಟಿಯಿಂದ ಜಾರಿಹೋಯಿತು. ಅಧ್ಯಯನ ಕೇಳಿದ್ದು ಮನೆಯಲ್ಲಿದ್ದರೂ ರೋಗಿ ಗುಣವಾಗುತ್ತಾನೆಯೇ, ಅವನಿಂದ ಮನೆಯವರಿಗೆ ಅಪಾಯ ಹೆಚ್ಚುತ್ತದೆಯೇ ಎಂದು. ಆ ಮನೆಯವರ ಹೊಟ್ಟೆ ತುಂಬಿಸಿದರೆ ರೋಗ ತಡೆಯಬಹುದೇ ಎಂಬುದು ಅದರ ಪ್ರಶ್ನೆಯೇ ಆಗಿರಲಿಲ್ಲ.

ಆ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡವರು ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನಲ್ಲಿ ಜಾರ್ಖಂಡ್‌ನ 4 ಜಿಲ್ಲೆಗಳಲ್ಲಿ 'ರೇಷನ್ಸ್' ಎಂಬ ಪ್ರಯೋಗ ನಡೆಸಿದರು. ಶುರುವಾದದ್ದು 2019ರಲ್ಲಿ, ಫಲಿತಾಂಶ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದದ್ದು 2023ರಲ್ಲಿ. ಶ್ವಾಸಕೋಶದ ಟಿಬಿ ಇದ್ದ 2,800 ರೋಗಿಗಳು, ಅವರ ಮನೆಗಳ 10,345 ಮಂದಿ. ರೋಗಿಗೆ ಮಾತ್ರೆಯ ಜೊತೆ ಆಹಾರದ ಪೊಟ್ಟಣ ಎಲ್ಲ ಮನೆಗಳಲ್ಲೂ ಸಿಕ್ಕಿತು. ಅರ್ಧದಷ್ಟು ಮನೆಗಳಲ್ಲಿ ಮಾತ್ರ ಉಳಿದವರಿಗೂ ಕೊಟ್ಟರು: ತಲೆಗೆ ತಿಂಗಳಿಗೆ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ, ಜೊತೆಗೆ ಜೀವಸತ್ವದ ಮಾತ್ರೆ. ಮಕ್ಕಳಿಗೆ ಅದರ ಅರ್ಧ. ಇಷ್ಟೇ ವ್ಯತ್ಯಾಸ, ಮೇಡಂ.

ಹೀಗೆ ಅಕ್ಕಿ ಬೇಳೆ ಸಿಕ್ಕ ಮನೆಗಳಲ್ಲಿ ಹೊಸದಾಗಿ ಟಿಬಿ ಬಂದದ್ದು 39% ಕಡಿಮೆ. ಕಫ ಪರೀಕ್ಷೆಯಲ್ಲಿ ಖಚಿತವಾದ, ಇನ್ನೊಬ್ಬರಿಗೆ ಹರಡುವ ಶ್ವಾಸಕೋಶದ ಟಿಬಿಯಂತೂ 48% ಕಡಿಮೆ. ಸುಮಾರು 30 ಮನೆಗಳಿಗೆ ಆಹಾರ ಕೊಟ್ಟರೆ ಒಂದು ಟಿಬಿ ತಪ್ಪುತ್ತದೆ. ಒಂದು ಲಸಿಕೆ ಇಷ್ಟು ಮಾಡಿದ್ದರೆ ನಾವು ಅದನ್ನು ಸಂಶೋಧನೆ ಅನ್ನಬಹುದೋ ಬೇಡವೋ ಎಂದು ಕೇಳುತ್ತಲೇ ಇರಲಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಮೊದಲ ಎರಡು ತಿಂಗಳಲ್ಲಿ ತೂಕ ಏರಿದ ರೋಗಿಗಳಲ್ಲಿ ಸಾವು ಕಡಿಮೆ ಎಂದೂ ಅದೇ ಪ್ರಯೋಗ ಕಂಡುಕೊಂಡಿತು. ಅದನ್ನು ಊಟದ ಫಲವೆಂದೇ ಅಷ್ಟು ಗಟ್ಟಿಯಾಗಿ ಹೇಳಲಾಗದು. ಆಹಾರ ಎಲ್ಲ ರೋಗಿಗಳಿಗೂ ಸಿಕ್ಕಿತ್ತು, ರೋಗ ಇಳಿಯುತ್ತಿದ್ದವರಿಗೆ ತೂಕ ತಾನಾಗಿಯೇ ಏರಿರಬಹುದು. ಮನೆಮಂದಿಯ ಲೆಕ್ಕದಲ್ಲಿ ಈ ಅನುಮಾನಕ್ಕೆ ಜಾಗವಿಲ್ಲ, ಅಲ್ಲಿ ಆಹಾರ ಸಿಕ್ಕವರನ್ನು ಸಿಗದವರ ಪಕ್ಕದಲ್ಲಿಟ್ಟು ನೋಡಿದ್ದಾರೆ.

ಟಿಬಿ ರೋಗಾಣು ನಮ್ಮಲ್ಲಿ ಬಹಳ ಜನರ ಮೈಯಲ್ಲಿ ಸುಮ್ಮನೆ ಮಲಗಿರುತ್ತದೆ. ರೋಗನಿರೋಧಕ ಕಣಗಳು ಅದರ ಸುತ್ತ ಬೇಲಿ ಹಾಕಿ ಕೂತಿರುತ್ತವೆ. ಉಪವಾಸದ ಮೈಯಲ್ಲಿ ಆ ಬೇಲಿ ಸಡಿಲವಾಗುತ್ತದೆ.

ಟಿಬಿ ಚಿಕಿತ್ಸೆಗೆ ನನ್ನ ಹತ್ತಿರ ಬರುತ್ತಿದ್ದ ಒಬ್ಬ ತಾಯಿಯ ನೆನಪಾಗುತ್ತದೆ. ತೂಕ 34 ಕೆಜಿ. ಮುಂಗೈಯ ಬಳೆ ಕೈ ಎತ್ತಿದರೆ ಮೊಣಕೈವರೆಗೆ ಜಾರುತ್ತಿತ್ತು. ದಾನಿಗಳು ಕೊಟ್ಟ ಮೊಟ್ಟೆ, ಬೇಳೆ ಮನೆಗೆ ಹೋಗುತ್ತಿತ್ತು, ತೂಕ ಮಾತ್ರ ಅಲ್ಲೇ ನಿಂತಿತ್ತು. ಗದರಿಸಿ ಕೇಳಿದೆ. "ಮಕ್ಕಳು ಬಾಯಿ ನೋಡ್ತಿರಬೇಕಾದ್ರ ಒಬ್ಬಾಕೀನೇ ತತ್ತಿ ತಿನ್ನೂದು ಹೆಂಗ್ರೀ ಡಾಕ್ಟ್ರ?" ಎಂದಳು. ಗದರಿಸಿದ್ದಕ್ಕೆ ಇವತ್ತಿಗೂ ನನಗೆ ನೋವಿದೆ. ಮರುವರ್ಷ ಅವಳ ಎರಡನೆಯ ಮಗನನ್ನು ಕರೆತಂದಳು, ಕುತ್ತಿಗೆಯಲ್ಲಿ ಗಂಟು. ಅದೂ ಟಿಬಿಯೇ.

ನಮ್ಮ ನೀತಿ ಎಡವುತ್ತಿರುವುದು ಇಲ್ಲಿಯೇ. ಟಿಬಿ ರೋಗಿಯ ಊಟಕ್ಕೆಂದು ಸರಕಾರ ಖಾತೆಗೆ ಹಣ ಹಾಕುವ ನಿ-ಕ್ಷಯ್ ಪೋಷಣ್ ಯೋಜನೆ 2018ರಲ್ಲಿ ತಿಂಗಳಿಗೆ 500 ರೂಪಾಯಿಯಿಂದ ಶುರುವಾಗಿ, 2024ರ ನವೆಂಬರ್‌ನಿಂದ 1,000 ಆಗಿದೆ. ಒಳ್ಳೆಯ ಕೆಲಸ. ಆದರೆ ಅದು ಒಬ್ಬ ರೋಗಿಯ ಲೆಕ್ಕದ ಹಣ, ಒಲೆ ಇಡೀ ಮನೆಯದು. ಮನೆಯವರಿಗೂ ಆಹಾರದ ಕಿಟ್ ಕೊಡಬಹುದು ಎಂದು ನಿ-ಕ್ಷಯ್ ಮಿತ್ರ ಯೋಜನೆ ಹೇಳುತ್ತದೆ, ಅದು ನಡೆಯುವುದು ದಾನಿಗಳಿಂದ. ಕ್ಷಯದ ಮಾತ್ರೆಯನ್ನು ನಾವು ದಾನಿಗಾಗಿ ಕಾಯಿಸುತ್ತೇವೆಯೇ? ಟಿಬಿ ಖಚಿತವಾದ ದಿನವೇ ಆ ಮನೆಯ ರೇಷನ್ ಕಾರ್ಡಿಗೆ ತಲೆಗೆ ಒಂದೂವರೆ ಕೆಜಿ ಬೇಳೆ ಸೇರಲಿ ಎಂಬುದು ನನ್ನ ಒತ್ತಾಯ. ನ್ಯಾಯಬೆಲೆ ಅಂಗಡಿ ಊರೂರಲ್ಲಿದೆ, ಯಾರ ಮನೆಯಲ್ಲಿ ಎಷ್ಟು ಜನ ಎಂಬ ಪಟ್ಟಿಯೂ ಅಲ್ಲಿದೆ.

ಹೊಸ ಮಾತ್ರೆ, ಲಸಿಕೆ ಬೇಡವೆನ್ನುತ್ತಿಲ್ಲ. ಔಷಧಕ್ಕೆ ಬಗ್ಗದ ಟಿಬಿಗೆ 6 ತಿಂಗಳ ಹೊಸ ಚಿಕಿತ್ಸೆ ಬಂದಿದೆ, ಎಂ72 ಎಂಬ ಹೊಸ ಟಿಬಿ ಲಸಿಕೆಯ ಮೂರನೇ ಹಂತದ ಪ್ರಯೋಗ 2024ರಲ್ಲಿ ಶುರುವಾಗಿದೆ. ಬರಲಿ. ಬೇಳೆಯಂತೂ ಇವತ್ತೇ ಅಂಗಡಿಯಲ್ಲಿದೆ.

ಈಗ ನಿಮ್ಮ ಅಕ್ಕನ ಮನೆಯ ವಿಚಾರ. ಇನ್ನೊಂದು ಡಬ್ಬಿ ತರುವುದು ಬೇಡ. ಅದೇ ದುಡ್ಡಿಗೆ ತತ್ತಿ, ತೊಗರಿಬೇಳೆ, ಶೇಂಗಾ, ಪುಟಾಣಿ ಮನೆಮಂದಿಗೆಲ್ಲ ಆಗುವಷ್ಟು ಬರುತ್ತದೆ. ಭಾವನವರ ಮೊದಲ ದಿನದ ತೂಕ ಚಿಕಿತ್ಸೆಯ ಕಾರ್ಡಿನಲ್ಲಿರುತ್ತದೆ, ಈಗಿನದರ ಪಕ್ಕ ಇಟ್ಟು ನೋಡಿ. ಏರಿಲ್ಲದಿದ್ದರೆ ಸಕ್ಕರೆ ಪರೀಕ್ಷೆಯಾಗಿದೆಯೇ ಎಂದು ವೈದ್ಯರನ್ನು ಕೇಳಿ. ಜೊತೆಯಲ್ಲಿರುವ ಎಲ್ಲರಿಗೂ ತಪಾಸಣೆಯಾಗಲಿ. ಟಿಬಿ ಇಲ್ಲವೆಂದು ಖಚಿತವಾದವರಿಗೆ ತಡೆಗಟ್ಟುವ ಮಾತ್ರೆಯನ್ನು ಪಿಎಚ್‌ಸಿಯಲ್ಲಿ ಬಿಟ್ಟಿಯಾಗಿ ಕೊಡುತ್ತಾರೆ, ಆಶಾ ಕಾರ್ಯಕರ್ತೆಯನ್ನು ಕೇಳಿ.

ಎರಡು ಪುಟದ ಪತ್ರದಲ್ಲಿ ಭಾವನವರ ಮಾತ್ರೆ, ಕೆಮ್ಮು, ನಿದ್ದೆ ಎಲ್ಲ ಬರೆದಿದ್ದೀರಿ. ಅವರಿಗೆ ಉಣಬಡಿಸಿ ಕೊನೆಗೆ ಉಣ್ಣುವ ನಿಮ್ಮ ಅಕ್ಕನ ತೂಕ ಎಷ್ಟು? ಈ ಭಾನುವಾರ ಅವರನ್ನೂ ತೂಕದ ಯಂತ್ರದ ಮೇಲೆ ನಿಲ್ಲಿಸಿ, ನನಗೆ ಬರೆಯಿರಿ.

— ಸಂಪಾದಕ