ಒಗೆದ ಮೇಲೆ ಅಕ್ಷರದ ಅಂಚು ಏಳುತ್ತಿದ್ದರೆ
ನಾಮಕರಣಕ್ಕೆಂದು ಪಾಪುವಿನ ಅಂಗಿ ಮೇಲೆ ವಿನೈಲ್‌ನಲ್ಲಿ (ಇಸ್ತ್ರಿಯ ಬಿಸಿಗೆ ಬಟ್ಟೆಗೆ ಅಂಟುವ ಪ್ಲಾಸ್ಟಿಕ್ ಹಾಳೆ) ಹೆಸರು ಅಂಟಿಸಿದಿರಿ, ಒಂದೇ ಒಗೆತಕ್ಕೆ ಅಂಚು ಎದ್ದಿದೆ ಅಂದಿದ್ದೀರಿ. ಬೇಜಾರಾಗುತ್ತದೆ, ಅಲ್ವಾ? ಅಂಗಿಯನ್ನು ಅಂಟಿಸುವ ಮೊದಲು ಒಗೆದಿದ್ದಿರಾ? ಹೊಸ ಬಟ್ಟೆಯ ಗಂಜಿ ಮೇಲೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಇಸ್ತ್ರಿಯಲ್ಲಿ ಹಬೆ ಬೇಡವೇ ಬೇಡ. ಹಾಸಿಗೆ ಮೇಲಲ್ಲ, ಗಟ್ಟಿ ಮೇಜಿನ ಮೇಲಿಟ್ಟು, ಉಜ್ಜದೆ, ಒಂದೊಂದು ಜಾಗದಲ್ಲೂ ಸುಮಾರು 15 ಸೆಕೆಂಡ್ ಒತ್ತಿ ಹಿಡಿಯಿರಿ. ಇಷ್ಟು ಪುಟ್ಟ ಅಂಗಿಯಲ್ಲಿ ಗುಂಡಿ, ಹೊಲಿಗೆ ಎಲ್ಲ ಹತ್ತಿರ. ಇಸ್ತ್ರಿ ಅವುಗಳ ಮೇಲೆ ಕೂತರೆ ಅಕ್ಷರಕ್ಕೆ ಒತ್ತಡವೇ ಸಿಗುವುದಿಲ್ಲ. ಅದಕ್ಕೇ ಅಕ್ಷರವಿರುವ ಜಾಗ ಅವುಗಳಿಗಿಂತ ಮೇಲೇಳುವಂತೆ ಅಂಗಿಯೊಳಗೆ ಮಡಚಿದ ಟವೆಲ್ ತೂರಿಸಿ. ಎದ್ದ ಅಂಚಿನ ಮೇಲೆ ಬಟರ್ ಪೇಪರ್ ಹಾಸಿ ಮತ್ತೆ ಒತ್ತಿ. ಒಂದು ದಿನ ಬಿಟ್ಟು, ಒಳಹೊರಗು ತಿರುಗಿಸಿ ಒಗೆಯಿರಿ. ಆಮೇಲೂ ಉಗುರಿಗೆ ಅಂಚು ಸಿಕ್ಕರೆ ಆ ಅಕ್ಷರವನ್ನೇ ಕಿತ್ತುಬಿಡಿ. ಪಾಪು ಅದನ್ನು ಬಾಯಿಗೆ ಹಾಕಿಕೊಳ್ಳುತ್ತದೆ.